ವಸಡು ರೋಗದ ಸಂಶೋಧನೆಗೆ ದತ್ತಿ ಪೀಠ: ಉತ್ತರ ಕನ್ನಡದ ದಾನಿಗಳಿಗೆ ಒಂದು ಮಾರ್ಗದರ್ಶಿ

ಉತ್ತರ ಕನ್ನಡದಲ್ಲಿ ವಿದ್ಯೆಗಾಗಿ ದಾನ ಕೊಡುವ ಪರಂಪರೆ ಹಳೆಯದು. ದಿನಕರ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಅಂಕೋಲೆ ಮತ್ತು ಸುತ್ತಲಿನ ಊರುಗಳಿಗೆ ಶಾಲೆ, ಕಾಲೇಜುಗಳನ್ನು ತಂದರು. ಕುಮಟೆಯ ಕಾಲೇಜಿಗೆ ಶಸ್ತ್ರವೈದ್ಯ ಡಾ. ಎ. ವಿ. ಬಾಳಿಗಾ ಅವರ ಹೆಸರಿದೆ. ಈಗ ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳು, ಅಮೆರಿಕೆ ಎಂದು ಹೊರಗೆ ನೆಲೆಯೂರಿದ ಜಿಲ್ಲೆಯ ಅನೇಕ ಕುಟುಂಬಗಳು ಹಿರಿಯರ ನೆನಪಿಗಾಗಿ ಹಣ ತೆಗೆದಿಡುತ್ತವೆ, ಆದರೆ ಅದು ಹೆಚ್ಚಾಗಿ ಸಭಾಭವನಕ್ಕೋ ಚಿನ್ನದ ಪದಕಕ್ಕೋ ಸಂದುಹೋಗುತ್ತದೆ. ಅದೇ ಹಣವನ್ನು ವಿಶ್ವವಿದ್ಯಾಲಯವೊಂದರಲ್ಲಿ ಮೂಲಧನವಾಗಿ ಇಟ್ಟು, ಅದರ ಬಡ್ಡಿಯಿಂದ ವಸಡು ರೋಗದ ಸಂಶೋಧನೆಗೆ ಒಂದು ಪ್ರಾಧ್ಯಾಪಕ ಪೀಠವನ್ನು ನಡೆಸುವುದು ಹೇಗೆ, ಆ ಪೀಠದ ಕೆಲಸ ನಮ್ಮ ತಾಲೂಕುಗಳಲ್ಲೇ ನಡೆಯುವಂತೆ ಬರಹದಲ್ಲಿ ಕಟ್ಟುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ವಸಡು ರೋಗವೇ ಏಕೆ, ಪೀಠವೇ ಏಕೆ

ಮೊದಲು ರೋಗದ ಸ್ವಭಾವವನ್ನು ತಿಳಿಯಬೇಕು, ಏಕೆಂದರೆ ದತ್ತಿ ಪತ್ರದ ಪ್ರತಿಯೊಂದು ನಿಬಂಧನೆಯೂ ಅದರ ಮೇಲೆ ನಿಂತಿದೆ. ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿ ಬ್ಯಾಕ್ಟೀರಿಯಾಗಳು ಪಾಚಿಯಂತೆ ಪದರ ಕಟ್ಟುತ್ತವೆ. ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಅವರ ಸಂಗಡಿಗರು ಆರೋಗ್ಯವಂತ ವಸಡಿನ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿ, 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಉರಿಯೂತಕ್ಕೆ ಒಳಗಾದುದನ್ನೂ, ಮತ್ತೆ ಹಲ್ಲುಜ್ಜಲು ತೊಡಗಿದಾಗ ಅದು ವಾಸಿಯಾದುದನ್ನೂ 1965ರಲ್ಲಿ ಪ್ರಕಟಿಸಿದರು. ಈ ಹಂತದಲ್ಲಿ ರೋಗವನ್ನು ಹಿಂದಕ್ಕೆ ತಿರುಗಿಸಬಹುದು. ಉರಿಯೂತ ಕೆಳಗಿಳಿದು ಹಲ್ಲನ್ನು ಹಿಡಿದಿರುವ ಎಲುಬನ್ನು ಕರಗಿಸಲು ಶುರುಮಾಡಿದರೆ, ಕಳೆದುಹೋದ ಎಲುಬು ಬಹುಮಟ್ಟಿಗೆ ಮರಳಿ ಬಾರದು. ಪೆರಿಯೊಡಾಂಟೈಟಿಸ್ ಎಂದು ವೈದ್ಯರು ಕರೆಯುವುದು ಇದನ್ನೇ. ಇದರ ತೀವ್ರ ರೂಪದಿಂದ ಬಳಲುವವರು ಪ್ರಪಂಚದಲ್ಲಿ ನೂರು ಕೋಟಿಗೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಅಂದಾಜು ಮಾಡಿದೆ.

ಈ ರೋಗಕ್ಕೆ ಆರಂಭದಲ್ಲಿ ನೋವಿಲ್ಲ. ಉಜ್ಜುವಾಗ ರಕ್ತ ಬಂದರೆ ಜನ ಬ್ರಷ್ಷನ್ನು ದೂರುತ್ತಾರೆ. ಹಲ್ಲು ಅಲುಗಾಡಿದರೆ ವಯಸ್ಸನ್ನು ದೂರುತ್ತಾರೆ. ಸಿಹಿಮೂತ್ರ ರೋಗ ಇದ್ದವರಲ್ಲಿ ಇದು ಉಲ್ಬಣಿಸುತ್ತದೆ, ಮತ್ತು ವಸಡಿಗೆ ಸರಿಯಾದ ಚಿಕಿತ್ಸೆ ಕೊಟ್ಟರೆ ಸಕ್ಕರೆಯ ಹತೋಟಿಯೂ ತುಸು ಸುಧಾರಿಸುತ್ತದೆ: 2022ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ ಚಿಕಿತ್ಸೆಯ ಮೂರು ನಾಲ್ಕು ತಿಂಗಳ ನಂತರ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿಯನ್ನು ತೋರಿಸುವ ಅಳತೆ) ಮಟ್ಟ ಸರಾಸರಿ 0.43 ಶೇಕಡಾಂಶದಷ್ಟು ಇಳಿದಿತ್ತು. ಧೂಮಪಾನ ವಸಡು ರೋಗಕ್ಕೆ ದೊಡ್ಡ ಪ್ರೇರಕ. ಕವಳದ (ಎಲೆ ಅಡಿಕೆಯ) ಪಾತ್ರವೆಷ್ಟು, ಹೊಗೆಸೊಪ್ಪು ಸೇರಿಸಿದ ಕವಳಕ್ಕೂ ಸೇರಿಸದ್ದಕ್ಕೂ ವಸಡಿನ ಮಟ್ಟಿಗೆ ವ್ಯತ್ಯಾಸವೆಷ್ಟು ಎಂಬುದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಅಡಿಕೆ ಸೀಮೆಯಲ್ಲಿ ನೋಡದೆ ಇನ್ನೆಲ್ಲಿ ನೋಡಬೇಕು?

ಪೀಠ ಏಕೆ ಬೇಕು ಎಂಬ ಪ್ರಶ್ನೆಗೆ ಅತ್ಯುತ್ತಮ ಉತ್ತರ ಶ್ರೀಲಂಕೆಯ ಚಹಾ ತೋಟಗಳಿಂದ ಬಂದಿದೆ. ಅದೇ ಹರಾಲ್ಡ್ ಲೋ ಅವರ ತಂಡ 1970ರಲ್ಲಿ 480 ಪುರುಷ ಕಾರ್ಮಿಕರ ಬಾಯಿ ಪರೀಕ್ಷಿಸಿ, 1985ರವರೆಗೆ ಅವರನ್ನೇ ಮತ್ತೆ ಮತ್ತೆ ನೋಡಿತು. ಅವರು ಹಲ್ಲುಜ್ಜುವ ರೂಢಿಯಿಲ್ಲದವರು, ದಂತವೈದ್ಯರನ್ನು ಕಾಣದವರು. ಆದರೂ ಎಲ್ಲರೂ ಒಂದೇ ವೇಗದಲ್ಲಿ ಹಲ್ಲು ಕಳೆದುಕೊಳ್ಳಲಿಲ್ಲ: ಸುಮಾರು ಶೇಕಡಾ 8ರಷ್ಟು ಜನರಲ್ಲಿ ರೋಗ ವೇಗವಾಗಿ ಹಬ್ಬಿತು, ಶೇಕಡಾ 81ರಷ್ಟು ಜನರಲ್ಲಿ ಮಧ್ಯಮ ಗತಿಯಲ್ಲಿ, ಇನ್ನುಳಿದ ಶೇಕಡಾ 11ರಷ್ಟು ಜನರಲ್ಲಿ ವಸಡಿನ ಉರಿಯೂತದಿಂದ ಮುಂದಕ್ಕೆ ಹೋಗಲೇ ಇಲ್ಲ. ಯಾರಿಗೆ ಅಪಾಯ ಹೆಚ್ಚು ಎಂಬ ಪ್ರಶ್ನೆಯನ್ನು ಇಡೀ ದಂತವೈದ್ಯ ಲೋಕ ಹೊಸದಾಗಿ ಕೇಳಿಕೊಳ್ಳುವಂತೆ ಮಾಡಿದ ಅಧ್ಯಯನವಿದು, ಮತ್ತು ಇದಕ್ಕೆ ಹಿಡಿದದ್ದು 15 ವರ್ಷ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸಂಶೋಧನಾ ಅನುದಾನ ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧ ಅದಕ್ಕಿಂತ ಮೊದಲೇ ಮುಗಿಯುತ್ತದೆ. ದಶಕಗಳಲ್ಲಿ ನಡೆಯುವ ರೋಗವನ್ನು ಅಂಥ ಹಣದಿಂದ ಬೆನ್ನು ಹತ್ತಲಾಗದು. ಕರಗದ ಮೂಲಧನವೊಂದೇ ಅದಕ್ಕೆ ತಕ್ಕ ಸಾಧನ, ಮತ್ತು ದಾನಿಗಳಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದೂ ಇದೇ: ನಿಮ್ಮ ದತ್ತಿಯಿಂದ ಕೊಳ್ಳಬೇಕಾದದ್ದು ದೀರ್ಘಕಾಲವನ್ನು. ಹೆಸರು, ಫಲಕ, ಭಾವಚಿತ್ರ ತಾನಾಗಿ ಬರುತ್ತವೆ.

ಯಾವ ವಿಶ್ವವಿದ್ಯಾಲಯ

ಭಟ್ಕಳದವರಿಗೆ ಮಣಿಪಾಲ ಹತ್ತಿರ, ಶಿರಸಿ ಮತ್ತು ಯಲ್ಲಾಪುರದವರಿಗೆ ಧಾರವಾಡ, ಹಳಿಯಾಳದವರಿಗೆ ಧಾರವಾಡ ಇಲ್ಲವೇ ಬೆಳಗಾವಿ, ಕಾರವಾರದವರಿಗೆ ಗೋವೆಯ ಬಾಂಬೋಳಿ. ಮಣಿಪಾಲ, ಧಾರವಾಡ, ಬೆಳಗಾವಿ, ಬಾಂಬೋಳಿ ಈ ನಾಲ್ಕೂ ಕಡೆ ದಂತ ಕಾಲೇಜುಗಳಿವೆ. ಆದರೆ ಕಾಲೇಜು ಬೇರೆ, ವಿಶ್ವವಿದ್ಯಾಲಯ ಬೇರೆ ಎಂಬುದನ್ನು ದಾನಿ ಮರೆಯಬಾರದು. ಮಣಿಪಾಲ ಮತ್ತು ಬೆಳಗಾವಿಯ ಕೆಎಲ್‌ಇ ದಂತ ಕಾಲೇಜುಗಳು ಡೀಮ್ಡ್ ವಿಶ್ವವಿದ್ಯಾಲಯಗಳ, ಅಂದರೆ ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆಗಳ, ಒಳಗಿವೆ. ಧಾರವಾಡದ ಎಸ್‌ಡಿಎಂ ದಂತ ಕಾಲೇಜು ಈಗ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವಿಶ್ವವಿದ್ಯಾಲಯದ ಅಂಗ. ಬೆಂಗಳೂರಿನ ಸರಕಾರಿ ದಂತ ಕಾಲೇಜು ಹಾಗೂ ರಾಜ್ಯದ ಇನ್ನೂ ಅನೇಕ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡಿವೆ. ಮೊದಲ ಬಗೆಯಲ್ಲಿ ಹಣ ಇರುವ ಕೈಯೂ ಪ್ರಾಧ್ಯಾಪಕರನ್ನು ನೇಮಿಸುವ ಕೈಯೂ ಒಂದೇ. ಸಂಯೋಜಿತ ಕಾಲೇಜಾದರೆ ಹಣ ವಿಶ್ವವಿದ್ಯಾಲಯದಲ್ಲಿ, ಪ್ರಾಧ್ಯಾಪಕರು ಕಾಲೇಜಿನ ಆಡಳಿತ ಮಂಡಳಿಯ ಅಧೀನದಲ್ಲಿ. ಆಗ ಇಬ್ಬರ ಜೊತೆಗೂ ಒಟ್ಟಾಗಿ ತ್ರಿಪಕ್ಷೀಯ ಒಪ್ಪಂದ ಮಾಡಿಕೊಳ್ಳಬೇಕಾಗುತ್ತದೆ.

ಯಾವುದನ್ನೇ ಆರಿಸಿಕೊಂಡರೂ ಹಣದ ಮಾತಿಗೆ ಮೊದಲು ಕುಲಸಚಿವರಿಗೆ ಒಂದು ಪತ್ರ ಬರೆದು ನಾಲ್ಕಾರು ವಿಷಯಗಳನ್ನು ಲಿಖಿತವಾಗಿ ಕೇಳಬೇಕು. ವಸಡು ರೋಗಗಳ ಪೆರಿಯೊಡಾಂಟಿಕ್ಸ್ ವಿಭಾಗದಲ್ಲಿ ದಂತವೈದ್ಯದ ಸ್ನಾತಕೋತ್ತರ ಪದವಿಯಾದ ಎಂಡಿಎಸ್ ಜೊತೆಗೆ ಪಿಎಚ್‌ಡಿ ಮಾರ್ಗದರ್ಶನ ನಡೆಯುತ್ತಿದೆಯೇ? ಸಮುದಾಯ ದಂತವೈದ್ಯ ವಿಭಾಗ ಹಳ್ಳಿಗಳಿಗೆ ಹೋಗುವ ವಾಹನ ಮತ್ತು ಸಿಬ್ಬಂದಿಯನ್ನು ಹೊಂದಿದೆಯೇ? ನೋಂದಾಯಿತ ನೈತಿಕತಾ ಸಮಿತಿ ಇದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಈಗಾಗಲೇ ಇರುವ ಯಾವುದಾದರೂ ದತ್ತಿನಿಧಿಯ ಕಳೆದ ಕೆಲವು ವರ್ಷಗಳ ಲೆಕ್ಕಪತ್ರವನ್ನು ತೋರಿಸಬಲ್ಲರೇ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಿಂದ ಸಂಸ್ಥೆಯ ಗುಣ ತಿಳಿಯುತ್ತದೆ. ಬಡ್ಡಿ ಎಷ್ಟು ಬಂತು, ಎಷ್ಟು ಖರ್ಚಾಯಿತು, ಖರ್ಚಾಗದೆ ಉಳಿದದ್ದು ಎಲ್ಲಿಗೆ ಹೋಯಿತು ಎಂದು ಒಂದು ಪುಟದಲ್ಲಿ ಹೇಳಲಾರದ ಕಚೇರಿಗೆ ಕುಟುಂಬದ ಉಳಿತಾಯವನ್ನು ಒಪ್ಪಿಸಬಾರದು.

ಮೂಲಧನದ ಲೆಕ್ಕ

ಹೊಸ ಹುದ್ದೆಯೊಂದನ್ನು ಸಂಪೂರ್ಣವಾಗಿ ದತ್ತಿಯ ಹಣದಿಂದಲೇ ನಡೆಸುವುದು ಎಷ್ಟು ಕಷ್ಟ ಎಂಬುದನ್ನು ಒಂದು ಸರಳ ಲೆಕ್ಕ ತೋರಿಸುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಏಳನೆಯ ವೇತನ ಶ್ರೇಣಿಯಲ್ಲಿ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನ ತಿಂಗಳಿಗೆ 1,44,200 ರೂಪಾಯಿ, ಅಂದರೆ ವರ್ಷಕ್ಕೆ 17 ಲಕ್ಷ ರೂಪಾಯಿಗೂ ಹೆಚ್ಚು, ಭತ್ಯೆಗಳು ಬೇರೆ. ನಿಧಿಗೆ ಶೇಕಡಾ 7 ಬಡ್ಡಿ ಬರುತ್ತದೆ ಎಂದುಕೊಂಡರೂ ಅಷ್ಟನ್ನೂ ಖರ್ಚು ಮಾಡುವಂತಿಲ್ಲ. ಬೆಲೆ ವರ್ಷಕ್ಕೆ ಶೇಕಡಾ 5ರಂತೆ ಏರಿದರೆ ಬೆಳೆಯದ ಮೂಲಧನದ ಕೊಳ್ಳುವ ಶಕ್ತಿ ಸುಮಾರು 14 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ, ಅಂದರೆ ಶ್ರೀಲಂಕೆಯಂಥ ಒಂದು ಅಧ್ಯಯನ ಮುಗಿಯುವಷ್ಟರಲ್ಲಿ ನಿಮ್ಮ ಪೀಠ ಅರ್ಧ ಪೀಠವಾಗಿರುತ್ತದೆ. ಆದ್ದರಿಂದ ಮೂಲಧನದ ಶೇಕಡಾ 4ರಷ್ಟನ್ನು ಮಾತ್ರ ಖರ್ಚಿಗೆ ತೆಗೆದು ಮಿಕ್ಕ ಬಡ್ಡಿಯನ್ನು ಮೂಲಧನಕ್ಕೇ ಸೇರಿಸಬೇಕು ಎಂಬ ನಿಯಮವನ್ನು ನಾನು ಸೂಚಿಸುತ್ತೇನೆ. ಹಾಗೆ ಮಾಡಿದರೆ ಬರೀ ಮೂಲ ವೇತನಕ್ಕೇ ನಾಲ್ಕೂಕಾಲು ಕೋಟಿಗಿಂತ ಹೆಚ್ಚು ಮೂಲಧನ ಬೇಕಾಗುತ್ತದೆ.

ಅಷ್ಟು ಹಣವಿಲ್ಲದವರು ನಿರಾಶರಾಗಬೇಕಿಲ್ಲ. ವಿಶ್ವವಿದ್ಯಾಲಯ ಈಗಾಗಲೇ ಸಂಬಳ ಕೊಡುತ್ತಿರುವ ಪ್ರಾಧ್ಯಾಪಕರೊಬ್ಬರನ್ನು ಐದು ವರ್ಷಗಳ ಅವಧಿಗೆ ಪೀಠಕ್ಕೆ ಆರಿಸಿ, ದತ್ತಿಯ ಆದಾಯವನ್ನು ಪೂರ್ತಿಯಾಗಿ ಅವರ ಸಂಶೋಧನೆಗೇ ಕೊಡುವುದು ಎರಡನೆಯ ದಾರಿ. ಒಂದು ಕೋಟಿ ರೂಪಾಯಿಯ ಮೂಲಧನದಿಂದ ಈ ನಿಯಮದಂತೆ ವರ್ಷಕ್ಕೆ 4 ಲಕ್ಷ ಸಿಗುತ್ತದೆ. ತಿಂಗಳಿಗೆ 25,000 ರೂಪಾಯಿಯಂತೆ ಸ್ಥಳೀಯ ಕ್ಷೇತ್ರ ಸಹಾಯಕರೊಬ್ಬರಿಗೆ 3 ಲಕ್ಷ, ಪ್ರಯಾಣ ಮತ್ತು ಉಪಕರಣಗಳಿಗೆ 1 ಲಕ್ಷ. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಫಲಕಾರಿ, ಏಕೆಂದರೆ ಪ್ರಾಧ್ಯಾಪಕರ ಸಂಬಳಕ್ಕೆ ಸಂಸ್ಥೆಯೇ ಹೊಣೆಯಾಗಿರುತ್ತದೆ ಮತ್ತು ದಾನಿಯ ಪ್ರತಿ ರೂಪಾಯಿಯೂ ಕೆಲಸಕ್ಕೆ ಹೋಗುತ್ತದೆ. ಇದಕ್ಕೂ ಕಡಿಮೆ ಹಣವಿದ್ದರೆ ಎಂಡಿಎಸ್ ವಿದ್ಯಾರ್ಥಿಗಳು ಉತ್ತರ ಕನ್ನಡದಲ್ಲಿ ಪ್ರಬಂಧದ ಕೆಲಸ ಮಾಡಲು ಒಂದು ಸಹಾಯಧನ ಇಡಬಹುದು. ಚಿನ್ನದ ಪದಕ ಬೇಡ. ಪದಕ ಪಡೆದ ವಿದ್ಯಾರ್ಥಿಗೆ ಸಂತೋಷವಾಗುತ್ತದೆ, ಆದರೆ ಅದರಿಂದ ಹೊನ್ನಾವರದ ಒಬ್ಬ ಮೀನುಗಾರನ ವಸಡೂ ಪರೀಕ್ಷೆಗೆ ಒಳಗಾಗುವುದಿಲ್ಲ.

ದತ್ತಿ ಪತ್ರ ಬರೆಯುವ ಕ್ರಮ

ದತ್ತಿ ಪತ್ರದಲ್ಲಿ ಎರಡು ಬಗೆಯ ತಪ್ಪುಗಳು ನಡೆಯುತ್ತವೆ. ಉದ್ದೇಶವನ್ನು ತೀರ ಸಡಿಲವಾಗಿ, ಉದಾಹರಣೆಗೆ ದಂತ ವಿಜ್ಞಾನದ ಅಭಿವೃದ್ಧಿಗಾಗಿ ಎಂದು ಬರೆದರೆ, ಕೆಲವು ವರ್ಷಗಳಲ್ಲಿ ಆ ಹಣ ವರ್ಷಕ್ಕೊಂದು ವಿಚಾರ ಸಂಕಿರಣ, ಶಾಲು, ಊಟಕ್ಕೆ ಇಳಿದುಬಿಡುತ್ತದೆ. ತೀರ ಬಿಗಿಯಾಗಿ, ಇಂಥ ಔಷಧದ ಇಂಥ ಪರಿಣಾಮ ಎಂದು ಬರೆದರೆ, ವಿಜ್ಞಾನ ಮುಂದಕ್ಕೆ ಹೋದಾಗ ನಿಧಿ ಬಳಕೆಗೆ ಬಾರದಂತಾಗುತ್ತದೆ. ಉದ್ದೇಶದ ವಾಕ್ಯವನ್ನು ಹೀಗೆ ಬರೆಯಬಹುದು: ಉತ್ತರ ಕನ್ನಡ ಜಿಲ್ಲೆಯ ಜನರಲ್ಲಿ ವಸಡು ಮತ್ತು ಹಲ್ಲಿನ ಆಧಾರ ಅಂಗಾಂಶಗಳ ರೋಗಗಳ ಕಾರಣ, ಹರಡುವಿಕೆ, ತಡೆ ಹಾಗೂ ಚಿಕಿತ್ಸೆಯ ಕುರಿತು ದೀರ್ಘಕಾಲದ ಸಂಶೋಧನೆ ನಡೆಸುವುದು, ಮತ್ತು ಸಂಶೋಧನೆಯಲ್ಲಿ ಪಾಲ್ಗೊಂಡವರಿಗೆ ಚಿಕಿತ್ಸೆ ಒದಗಿಸುವುದು. ರೋಗ ಮತ್ತು ಜಿಲ್ಲೆ ಇಲ್ಲಿ ಸ್ಥಿರ. ವಿಧಾನ ಪ್ರಾಧ್ಯಾಪಕರಿಗೆ ಬಿಟ್ಟದ್ದು.

ದಾನಿ ಹಾಕುವ ವಿಚಿತ್ರ ಷರತ್ತು ಯೋಗ್ಯರನ್ನೇ ಹೊರಗಿಡಬಹುದು ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. ತಾರಕನಾಥ ಪಾಲಿತ್ ಅವರು 1912ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಕೊಟ್ಟ ದಾನದಿಂದ ಭೌತವಿಜ್ಞಾನದ ಪೀಠ ಸ್ಥಾಪನೆಯಾಯಿತು. ಅದಕ್ಕೆ ಬರುವವರು ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ನಿಬಂಧನೆಯಿತ್ತು, ಸಿ. ವಿ. ರಾಮನ್ ಅದಕ್ಕೆ ಒಪ್ಪಲಿಲ್ಲ. ವಿಶ್ವವಿದ್ಯಾಲಯ ಆ ನಿಬಂಧನೆಯನ್ನು ಸಡಿಲಿಸಿದ್ದರಿಂದಲೇ ಅವರು 1917ರಲ್ಲಿ ಪಾಲಿತ್ ಪ್ರಾಧ್ಯಾಪಕರಾದರು, ಆ ಪೀಠದಲ್ಲಿದ್ದಾಗಲೇ 1930ರ ನೊಬೆಲ್ ಪ್ರಶಸ್ತಿ ಬಂತು. ಆದ್ದರಿಂದ ಪೀಠಕ್ಕೆ ಬರುವವರು ಇಂಥ ಜಾತಿಯವರು, ಇಂಥ ಊರಿನವರು, ಇಂಥ ಕಾಲೇಜಿನಲ್ಲಿ ಓದಿದವರು ಆಗಿರಬೇಕು ಎಂದು ಬರೆಯಬೇಡಿ. ಜಿಲ್ಲೆಯಲ್ಲಿ ಕೆಲಸ ಮಾಡಬೇಕು ಎಂಬುದಷ್ಟೇ ಸಾಕು. ನಿಬಂಧನೆಗಳನ್ನು ಮುಂದೆ ಬದಲಿಸುವ ಕ್ರಮವನ್ನೂ ಪತ್ರದಲ್ಲೇ ಸೇರಿಸಿ: ವಿಭಾಗ ಮುಚ್ಚಿದರೆ, ಅಥವಾ ಉದ್ದೇಶ ಅಸಾಧ್ಯವಾದರೆ, ಮೂಲ ಉದ್ದೇಶಕ್ಕೆ ಅತ್ಯಂತ ಹತ್ತಿರದ ಬಾಯಿ ಆರೋಗ್ಯದ ಸಂಶೋಧನೆಗೆ ಮಾತ್ರ ನಿಧಿಯನ್ನು ತಿರುಗಿಸಬಹುದು, ಅದೂ ಹೊರಗಿನ ತಜ್ಞರ ಲಿಖಿತ ಅಭಿಪ್ರಾಯ ಪಡೆದ ಮೇಲೆ.

ಈಗ ನಮ್ಮ ಜಿಲ್ಲೆಯಲ್ಲಿ ತಪ್ಪಿಸಲಾಗದ ಒಂದು ವಿಷಯಕ್ಕೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ, ಹೊಗೆಸೊಪ್ಪಿಲ್ಲದ ಕವಳವನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಒಂದನೆಯ ಗುಂಪಿಗೆ ಸೇರಿಸಿತು. ಬೆಳೆಗಾರರಿಗೆ ಇದರಿಂದ ಆದ ನೋವು, ಆತಂಕ ನಮಗೆಲ್ಲ ಗೊತ್ತಿದೆ. ಶಿರಸಿ ಸೀಮೆಯ ಅನೇಕ ಮನೆಗಳ ಮಕ್ಕಳ ಓದು, ಮದುವೆ, ಮನೆ ಎಲ್ಲ ನಡೆದದ್ದು ಅಡಿಕೆಯಿಂದ. ವಸಡಿನ ಪೀಠಕ್ಕೆ ಮೂಲಧನ ಕೊಡುವವರಲ್ಲಿ ತೋಟದ ಮನೆತನದವರು ಇದ್ದೇ ಇರುತ್ತಾರೆ, ಮತ್ತು ಅವರು ಕೊಡುವುದು ಗೌರವದ ಸಂಗತಿ. ಹಾಗಿರುವಾಗಲೇ ಪೀಠದ ಪ್ರಾಧ್ಯಾಪಕರು ನಾಳೆ ಕವಳದ ಕುರಿತು ಕಹಿಯಾದ ಫಲಿತಾಂಶವನ್ನು ಪ್ರಕಟಿಸಬಹುದು, ಅಥವಾ ಇಂದು ಜನ ನಂಬಿದ್ದಕ್ಕಿಂತ ಹಗುರವಾದ ಫಲಿತಾಂಶವನ್ನು ಪ್ರಕಟಿಸಬಹುದು. ಎರಡನೆಯದನ್ನು ಜನ ನಂಬಬೇಕಾದರೆ ಮೊದಲನೆಯದನ್ನು ತಡೆಯುವ ಅಧಿಕಾರ ದಾನಿಗೆ ಇಲ್ಲದಿರುವುದು ಕಾಗದದಲ್ಲಿ ಕಾಣಬೇಕು. ಅದಕ್ಕಾಗಿ ಈ ವಾಕ್ಯವನ್ನು ಅಕ್ಷರಶಃ ಸೇರಿಸಿಕೊಳ್ಳಬಹುದು:

"ಈ ನಿಧಿಯ ಆದಾಯದಿಂದ ನಡೆಯುವ ಸಂಶೋಧನೆಯ ವಿಷಯ, ವಿಧಾನ, ಫಲಿತಾಂಶ ಅಥವಾ ಪ್ರಕಟಣೆಯನ್ನು ಅನುಮೋದಿಸುವ, ತಡೆಯುವ ಅಥವಾ ತಿದ್ದುವ ಅಧಿಕಾರ ದಾನಿಗಾಗಲಿ, ದಾನಿಯ ವಾರಸುದಾರರಿಗಾಗಲಿ, ದಾನಿಗೆ ಸಂಬಂಧಪಟ್ಟ ಯಾವುದೇ ಸಂಸ್ಥೆಗಾಗಲಿ ಇರುವುದಿಲ್ಲ."

ಗುಟ್ಕಾ, ಬೀಡಿ, ಸಿಗರೇಟು ತಯಾರಕರ ಹಣವನ್ನು ಸ್ವೀಕರಿಸುವುದಿಲ್ಲ ಎಂದೂ ಪತ್ರದಲ್ಲಿ ಬರೆಯಿರಿ. ಬೆಳೆಗಾರರ ಕುಟುಂಬ ವೈಯಕ್ತಿಕವಾಗಿ ಕೊಡುವ ದಾನ ಮತ್ತು ಜಗಿಯುವ ಪದಾರ್ಥ ಮಾರುವ ಕಂಪನಿ ಕೊಡುವ ದಾನ ಒಂದೇ ಅಲ್ಲ. ಟೂತ್‌ಪೇಸ್ಟ್, ಮೌತ್‌ವಾಶ್ ಕಂಪನಿಗಳ ಹಣಕ್ಕೂ ಇದೇ ಎಚ್ಚರಿಕೆ ಬೇಕು. ಅವರ ಉತ್ಪನ್ನವನ್ನೇ ಪರೀಕ್ಷಿಸುವ ಅಧ್ಯಯನಕ್ಕೆ ಅವರದೇ ಹಣ ಬಳಕೆಯಾಗಬಾರದು.

ಆಯ್ಕೆ ಸಮಿತಿಯ ವಿಷಯ ಚಿಕ್ಕದು. ಕುಲಪತಿ ಅಥವಾ ಅವರ ಪ್ರತಿನಿಧಿ, ದಂತ ವಿಭಾಗದ ಡೀನ್, ಬೇರೆ ವಿಶ್ವವಿದ್ಯಾಲಯಗಳಿಂದ ಇಬ್ಬರು ವಸಡು ತಜ್ಞರು, ಜನಸಮುದಾಯದಲ್ಲಿ ರೋಗ ಹಬ್ಬುವ ಬಗೆಯನ್ನು ನೋಡುವ ಸಾಂಕ್ರಾಮಿಕ ಶಾಸ್ತ್ರ ಬಲ್ಲ ಒಬ್ಬರು ಇದ್ದರೆ ಸಾಕು. ದಾನಿಯ ಕಡೆಯಿಂದ ಒಬ್ಬರು ಕುಳಿತು ಕೇಳಬಹುದು, ಮತ ಹಾಕಬಾರದು.

ತೆರಿಗೆ, ವಿದೇಶದ ಹಣ, ಕಂಪನಿಗಳ ಹಣ

ದಾನದ ಚೆಕ್ಕಿನ ಜೊತೆ ಒಂದು ಪತ್ರ ಹೋಗಲೇಬೇಕು. ಈ ಮೊತ್ತ ಮೂಲಧನಕ್ಕೆ ಸಂದದ್ದು, ಇದರ ಆದಾಯವನ್ನು ಮಾತ್ರ ಖರ್ಚು ಮಾಡತಕ್ಕದ್ದು ಎಂಬ ಸ್ಪಷ್ಟ ಸೂಚನೆ ಅದರಲ್ಲಿ ಇಲ್ಲದಿದ್ದರೆ, ಸಂಸ್ಥೆಯ ಲೆಕ್ಕದಲ್ಲಿ ಅದು ಸಾಮಾನ್ಯ ದೇಣಿಗೆಯಾಗಿ ಸೇರಿ ಅದೇ ವರ್ಷ ಖರ್ಚಾಗಬಹುದು. ಜನ 80ಜಿ ಎಂದು ಕರೆಯುವ ಆದಾಯ ತೆರಿಗೆಯ ರಿಯಾಯಿತಿ ಬೇಕಾದವರು ಸಂಸ್ಥೆಗೆ ಅದರ ಮಾನ್ಯತೆ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. 2,000 ರೂಪಾಯಿ ಮೀರಿದ ನಗದು ದಾನಕ್ಕೆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ವ್ಯಕ್ತಿಗಳಿಗೂ ಇಲ್ಲ. ನಿಮ್ಮ ಲೆಕ್ಕ ಪರಿಶೋಧಕರು ಇದನ್ನು ಒಂದು ಭೇಟಿಯಲ್ಲಿ ಬಗೆಹರಿಸುತ್ತಾರೆ.

ವಿದೇಶದಲ್ಲಿರುವವರ ಹಣದ ಬಗ್ಗೆ ಹೆಚ್ಚು ಜಾಗರೂಕತೆ ಬೇಕು. ದುಬೈಯಲ್ಲಿ ದುಡಿಯುತ್ತಿರುವ ಭಟ್ಕಳದವರು ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದರೆ, ಅವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ದಾನ ವಿದೇಶಿ ದೇಣಿಗೆಯಾಗುವುದಿಲ್ಲ. ಅಮೆರಿಕೆಯ ಪೌರತ್ವ ಪಡೆದ ಶಿರಸಿಯವರು ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡು ಹೊಂದಿದ್ದರೂ ಅವರ ಹಣ ವಿದೇಶಿ ದೇಣಿಗೆಯೇ ಆಗುತ್ತದೆ. ಅದನ್ನು ಸ್ವೀಕರಿಸುವ ಟ್ರಸ್ಟು ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಕಾಯ್ದೆಯಾದ ಎಫ್‌ಸಿಆರ್‌ಎ ನೋಂದಣಿ ಪಡೆದಿರಬೇಕು, ಮತ್ತು ಹಣ ಮೊದಲು ಸ್ಟೇಟ್ ಬ್ಯಾಂಕಿನ ಹೊಸ ದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ ಹಾಗೆ ಬಂದ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಆದ್ದರಿಂದ ಊರಿನ ಸಂಘವೊಂದು ಎಲ್ಲರಿಂದ ಹಣ ಕೂಡಿಸಿ ವಿಶ್ವವಿದ್ಯಾಲಯಕ್ಕೆ ದಾಟಿಸುವ ಹಳೆಯ ಪದ್ಧತಿ ವಿದೇಶಿ ಪೌರರ ದಾನಕ್ಕೆ ಹೊಂದುವುದಿಲ್ಲ. ಅವರು ವಿಶ್ವವಿದ್ಯಾಲಯಕ್ಕೇ ನೇರವಾಗಿ ಕೊಡುವ ದಾರಿಯನ್ನು ಆರಂಭದಲ್ಲೇ ಕೇಳಿಕೊಳ್ಳಬೇಕು. ಕಂಪನಿಗಳು ಸಾಮಾಜಿಕ ಹೊಣೆಗಾಗಿ ತೆಗೆದಿಡುವ ಸಿಎಸ್‌ಆರ್ ಹಣವನ್ನು 2021ರ ಜನವರಿಯಿಂದ ಮೂಲಧನಕ್ಕೆ ಕೊಡುವಂತಿಲ್ಲ. ಪರೀಕ್ಷಾ ಶಿಬಿರ, ವಾಹನ, ಚಿಕಿತ್ಸೆ ಮೊದಲಾದ ವಾರ್ಷಿಕ ಖರ್ಚಿನ ಯೋಜನೆಗಳಿಗೆ ಅದನ್ನು ಕೇಳಬಹುದು.

ಊರಿನಲ್ಲಿ ನಡೆಯುವ ಕೆಲಸ

ಕ್ಷೇತ್ರ ಕಾರ್ಯದ ವಾಸ್ತವವನ್ನು ದಾನಿಗಳು ಒಮ್ಮೆಯಾದರೂ ಕಣ್ಣಾರೆ ನೋಡಬೇಕು, ಏಕೆಂದರೆ ಖರ್ಚಿನ ಲೆಕ್ಕ ಆಗ ಮಾತ್ರ ಅರ್ಥವಾಗುತ್ತದೆ. ಬುದ್ಧಿಹಲ್ಲುಗಳನ್ನು ಬಿಟ್ಟರೆ ಬಾಯಲ್ಲಿ 28 ಹಲ್ಲು. ಪ್ರತಿ ಹಲ್ಲಿನ ಸುತ್ತ ಆರು ಕಡೆ, ಮಿಲಿಮೀಟರಿನ ಗೆರೆಗಳಿರುವ ಪ್ರೋಬ್ ಎಂಬ ತೆಳುವಾದ ಕಡ್ಡಿಯನ್ನು ವಸಡು ಮತ್ತು ಹಲ್ಲಿನ ನಡುವೆ ಹಗುರವಾಗಿ ಇಳಿಸಿ ಆಳವನ್ನು ಓದಬೇಕು. ಅಂದರೆ ಒಬ್ಬರ ಬಾಯಿಗೆ 168 ಅಳತೆ. ವೈದ್ಯರು ಎರಡು, ಮೂರು, ಮೂರು, ಐದು ಎಂದು ಹೇಳುತ್ತ ಹೋದಂತೆ ಪಕ್ಕದಲ್ಲಿ ಕುಳಿತವರು ಬರೆದುಕೊಳ್ಳುತ್ತಾರೆ. ಮೂರು ಮಿಲಿಮೀಟರಿನವರೆಗೆ ಸಾಮಾನ್ಯ. ನಾಲ್ಕರಿಂದ ಮೇಲೆ ವಸಡಿನಲ್ಲಿ ಚೀಲ ಉಂಟಾಗಿದೆ ಎಂದು ಶಂಕಿಸುತ್ತಾರೆ. ಕೈ ತುಸು ಹೆಚ್ಚು ಒತ್ತಿದರೂ ಮೂರು ನಾಲ್ಕಾಗುತ್ತದೆ. ಆದ್ದರಿಂದ ಕೆಲಸ ಆರಂಭಿಸುವ ಮೊದಲು ಪರೀಕ್ಷಕರೆಲ್ಲ ಒಂದೇ ಬಾಯಿಯನ್ನು ಬೇರೆ ಬೇರೆಯಾಗಿ ಅಳೆದು, ತಮ್ಮ ಅಂಕಿಗಳು ಹೊಂದುವವರೆಗೆ ಅಭ್ಯಾಸ ಮಾಡಬೇಕು, ಮತ್ತು ಈ ಹೊಂದಾಣಿಕೆಯನ್ನು ಪ್ರತಿವರ್ಷ ಮರುಪರಿಶೀಲಿಸಬೇಕು. ಒಬ್ಬರ ಬಾಯಿಗೆ ಬಳಸಿದ ಪ್ರೋಬನ್ನು ಆಟೋಕ್ಲೇವ್ ಮಾಡದೆ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿರಹಿತ ಮಾಡದೆ, ಇನ್ನೊಬ್ಬರಿಗೆ ಬಳಸುವಂತಿಲ್ಲ. ಹಳ್ಳಿಯ ಶಾಲೆಯ ಜಗುಲಿಯಲ್ಲಿ ದಿನಕ್ಕೆ 25 ಜನರನ್ನು ನೋಡಬೇಕೆಂದರೆ 25 ಕನ್ನಡಿ, 25 ಪ್ರೋಬ್ ಬೇಕು, ತಲೆಗೆ ಕಟ್ಟುವ ದೀಪ ಬೇಕು, ಕರೆಂಟಿಲ್ಲದ ಮಳೆಗಾಲದಲ್ಲಿ ನಡೆಯುವ ವ್ಯವಸ್ಥೆ ಬೇಕು.

ಯಾವಾಗ ಹೋಗಬೇಕು ಎಂಬುದನ್ನು ಜಿಲ್ಲೆಯನ್ನು ಬಲ್ಲವರೇ ಹೇಳಬೇಕು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕಾರವಾರದ ಬೈತಖೋಲದ ಮೀನುಗಾರರು ಮನೆಯಲ್ಲಿ ಸಿಗುವುದು ಆಗ. ಘಟ್ಟದ ಮೇಲೆ ಅಡಿಕೆಯ ಕೊನೆಕೊಯ್ಲಿನ ತಿಂಗಳುಗಳಲ್ಲಿ ಯಾರನ್ನೂ ಕುರ್ಚಿಯ ಮೇಲೆ ಕೂರಿಸಲಾಗದು. ಬೇಸಿಗೆಯ ಕೊನೆಯೇ ಅಲ್ಲಿಗೆ ಅನುಕೂಲ. ಭಾಷೆಯೂ ಹಾಗೆಯೇ. ಒಪ್ಪಿಗೆ ಪತ್ರ ಕನ್ನಡದಲ್ಲಿದ್ದರೆ ಸಾಲದು. ಕಾರವಾರದಲ್ಲಿ ಅದನ್ನು ಕೊಂಕಣಿಯಲ್ಲಿ, ಭಟ್ಕಳದಲ್ಲಿ ನವಾಯತಿಯಲ್ಲಿ ಬಿಡಿಸಿ ಹೇಳುವವರು ಬೇಕು. ಹಾಲಕ್ಕಿ ಕೇರಿಗಳಿಗೂ ಸಿದ್ದಿಗಳ ಹಾಡಿಗಳಿಗೂ ಅವರ ಪೈಕಿಯವರೇ ಕ್ಷೇತ್ರ ಸಹಾಯಕರಾಗಿದ್ದರೆ ಜನ ಬಾಯಿ ತೆರೆಯುತ್ತಾರೆ, ಮಾತೂ ಆಡುತ್ತಾರೆ. ಮೇಲೆ ಹೇಳಿದ ಸಂಬಳದ 3 ಲಕ್ಷವನ್ನು ನಾನು ಒತ್ತಿ ಹೇಳುವುದು ಇದಕ್ಕೇ.

ಶ್ರೀಲಂಕೆಯ ಅಧ್ಯಯನದಿಂದ ಕಲಿಯಬೇಕಾದ ಇನ್ನೆರಡು ವಿಷಯಗಳಿವೆ. ಅಲ್ಲಿ ಆರಂಭದಲ್ಲಿದ್ದ 480 ಜನರಲ್ಲಿ 1985ರ ಕೊನೆಯ ಪರೀಕ್ಷೆಗೆ ಸಿಕ್ಕವರು 161 ಮಾತ್ರ. ನಮ್ಮ ಜಿಲ್ಲೆಯ ಯುವಕರು ಗೋವೆಗೆ, ಬೆಂಗಳೂರಿಗೆ, ಕೊಲ್ಲಿಗೆ ಹೋಗುವುದನ್ನು ನೋಡಿದರೆ ಇಲ್ಲಿಯ ನಷ್ಟ ಕಡಿಮೆಯಾಗದು. ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬಂದಾಗ ಅವರನ್ನು ಮತ್ತೆ ಕಾಣುವ ಏರ್ಪಾಟು, ವರ್ಷಕ್ಕೆರಡು ಬಾರಿ ಫೋನು ಮಾಡಿ ವಿಳಾಸ ತಿದ್ದಿಕೊಳ್ಳುವ ಕೆಲಸ ಆಯವ್ಯಯದಲ್ಲಿ ಪ್ರತ್ಯೇಕವಾಗಿ ಇರಲಿ. ಎರಡನೆಯದು ನೀತಿಯ ಪ್ರಶ್ನೆ. ಅಲ್ಲಿಯ ಕಾರ್ಮಿಕರಂತೆ ಚಿಕಿತ್ಸೆ ಕಾಣದ ಜನರ ರೋಗವನ್ನು ವರ್ಷಗಟ್ಟಲೆ ನೋಡುತ್ತ ಕುಳಿತುಕೊಳ್ಳುವುದನ್ನು ಇಂದು ನಾವು ಒಪ್ಪಲಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿಗಳಂತೆ ನೈತಿಕತಾ ಸಮಿತಿಯ ಅನುಮತಿ ಪಡೆದೇ ಕೆಲಸ ಆರಂಭಿಸಬೇಕು, ಮತ್ತು ರೋಗ ಕಂಡವರಿಗೆ ಕಿಟ್ಟ ತೆಗೆಯುವುದರಿಂದ ಹಿಡಿದು ಶಸ್ತ್ರಕ್ರಿಯೆಯವರೆಗೆ ಚಿಕಿತ್ಸೆ ಸಿಗುವ ದಾರಿ ಮೊದಲೇ ಸಿದ್ಧವಿರಬೇಕು. ತಾಲೂಕು ಆಸ್ಪತ್ರೆಯ ದಂತವೈದ್ಯರ ಜೊತೆ, ಸಕ್ಕರೆಯ ಪರೀಕ್ಷೆಗಾಗಿ ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡರೆ ಜನ ಹಲ್ಲಿಗಾಗಿ ಘಟ್ಟ ಇಳಿದು ಹತ್ತಿ ತಿರುಗುವುದು ತಪ್ಪುತ್ತದೆ. ಒಂದು ದಿನದ ಶಿಬಿರ ಮಾಡಿ, ಬ್ರಷ್ ಹಂಚಿ, ಫೋಟೊ ತೆಗೆದು ಹೋಗುವುದನ್ನು ಸಂಶೋಧನೆಯೆಂದು ವರದಿಯಲ್ಲಿ ಬರೆಯುವಂತಿಲ್ಲ ಎಂದು ದತ್ತಿ ಪತ್ರದಲ್ಲೇ ಸೇರಿಸಿದರೂ ತಪ್ಪಿಲ್ಲ.

ವರದಿ ಮತ್ತು ಅವಧಿ

ಪೀಠದ ಪ್ರಾಧ್ಯಾಪಕರು ಪ್ರತಿವರ್ಷ ಎರಡು ವರದಿ ಕೊಡಬೇಕು. ಮೊದಲನೆಯದು ಹಣದ ಲೆಕ್ಕ: ಮೂಲಧನ, ಬಡ್ಡಿ, ಖರ್ಚು, ಮೂಲಧನಕ್ಕೆ ಮರಳಿ ಸೇರಿದ್ದು. ಎರಡನೆಯದು ಕನ್ನಡದಲ್ಲಿ ನಾಲ್ಕು ಪುಟ, ಪರೀಕ್ಷೆಗೆ ಒಳಗಾದ ಊರುಗಳ ಜನ ಓದಿ ತಿಳಿಯುವಂಥದ್ದು. ಅದು ಆ ಊರುಗಳ ಗ್ರಾಮ ಪಂಚಾಯಿತಿ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮೊದಲು ತಲುಪಬೇಕು, ಆಮೇಲೆ ದಾನಿಯ ಮನೆಗೆ. ಐದನೆಯ ವರ್ಷ ಹೊರಗಿನ ಇಬ್ಬರು ತಜ್ಞರು ಕೆಲಸವನ್ನು ಪರಿಶೀಲಿಸಿ ಪ್ರಾಧ್ಯಾಪಕರ ಅವಧಿಯನ್ನು ಮುಂದುವರಿಸಬೇಕೇ ಎಂದು ಹೇಳಲಿ. ಪ್ರಾಧ್ಯಾಪಕರು ಬದಲಾದರೂ ಪರೀಕ್ಷೆಗೆ ಒಳಗಾದವರ ಪಟ್ಟಿ, ಅಳತೆಯ ಹಾಳೆಗಳು, ಒಪ್ಪಿಗೆ ಪತ್ರಗಳು ಪೀಠದ ಆಸ್ತಿಯಾಗಿ ವಿಶ್ವವಿದ್ಯಾಲಯದಲ್ಲೇ ಭದ್ರವಾಗಿ ಉಳಿಯಬೇಕು. ಹಿಂದಿನವರು ತೊಡಗಿದ ಅಧ್ಯಯನವನ್ನು ಮುಂದುವರಿಸುವುದು ಹೊಸಬರ ಮೊದಲ ಕರ್ತವ್ಯ ಎಂಬ ನಿಬಂಧನೆಯನ್ನು ನೇಮಕದ ಆದೇಶದಲ್ಲೇ ಬರೆಸಿ.

ಈ ಎಲ್ಲಕ್ಕೂ ಒಂದು ವರ್ಷದ ಸಿದ್ಧತೆ ಸಾಕು. ಮೊದಲ ಮೂರು ತಿಂಗಳು ಕುಲಸಚಿವರೊಡನೆ ಪತ್ರ ವ್ಯವಹಾರ ಮತ್ತು ಹಳೆಯ ದತ್ತಿಗಳ ಲೆಕ್ಕ ನೋಡುವುದು, ಮುಂದಿನ ಮೂರು ತಿಂಗಳು ವಕೀಲರು ಮತ್ತು ಲೆಕ್ಕ ಪರಿಶೋಧಕರೊಡನೆ ಕುಳಿತು ಕರಡು ಬರೆಯುವುದು, ಆಮೇಲೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಒಪ್ಪಿಗೆಗೆ ಕಾಯುವುದು. ಆಡಳಿತ ಮಂಡಳಿಯ ಠರಾವಿನ ಪ್ರತಿ ಕೈಗೆ ಬರುವ ಮೊದಲು ಮೂಲಧನದ ಚೆಕ್ಕನ್ನು ಕೊಡಬೇಡಿ, ಸಮಾರಂಭದ ದಿನಾಂಕವನ್ನೂ ಗೊತ್ತುಮಾಡಬೇಡಿ.